ಬಾವಿಯಲ್ಲಿ ಎಷ್ಟು ನೀರಿದೆ? – ತೆಳು ಮತ್ತು ಕೊರತೆಯ ಇಂಗ್ಲಿಷ್ ಪದಗಳು



ಇಂದು ಇಂಗ್ಲಿಷ್ ಭಾಷೆಯ ಒಂದು ಪದಗುಂಪಿನ ಪರಿಚಯ ಮಾಡಿಕೊಳ್ಳೋಣ. ತೆಳ್ಳಗಿರುವುದು, ಸೊರಗಿರುವುದು, ಸಾಲದಿರುವುದು, ಕೊರತೆ ಬಿದ್ದಿರುವುದು – ಇವನ್ನು ಹೇಳಲು ಇಂಗ್ಲಿಷಿನಲ್ಲಿ ಹತ್ತಾರು ಪದಗಳಿವೆ. ಚಿಕ್ಕ ನಿಘಂಟು ತೆರೆದರೆ ಹೆಚ್ಚು ಕಡಿಮೆ ಎಲ್ಲದರ ಎದುರಿಗೂ ‘ತೆಳ್ಳಗಿನ’ ಅಥವಾ ‘ಸ್ವಲ್ಪ’ ಎಂದೇ ಬರೆದಿರುತ್ತದೆ. ಹಾಗಾದರೆ ಯಾವುದನ್ನು ಎಲ್ಲಿ ಬೇಕಾದರೂ ಬಳಸಬಹುದೇ? ಬಳಸಬಾರದು. ಇದನ್ನು ನಾನು ಕಲಿತದ್ದು ತರಗತಿಯಲ್ಲಲ್ಲ. ಕೆಲಸಕ್ಕೆ ಸೇರಿದ ಮೇಲೆ, ಒಂದು ತಪ್ಪು ಮಾಡಿ. ಆ ತಪ್ಪಿನಿಂದಲೇ ಆರಂಭಿಸುತ್ತೇನೆ.

ನಾನು ಓದಿದ್ದು ಬಿ.ಎಸ್ಸಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಕಾರ್ಯಕ್ರಮ ನಿರ್ಮಾಣಕ್ಕೆ ಬಂದ ಹೊಸತರಲ್ಲಿ, ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಬರಗಾಲದ ಬಗ್ಗೆ ಚಿಕ್ಕ ಸಾಕ್ಷ್ಯಚಿತ್ರವೊಂದನ್ನು ತಯಾರಿಸಿದೆವು. ಮಳೆ ಕೈಕೊಟ್ಟು ಎರಡು ವರ್ಷವಾಗಿತ್ತು. ಊರ ಬಾವಿಗೆ ಬಿಂದಿಗೆ ಇಳಿಬಿಟ್ಟಿದ್ದ ತಾಯಿಯೊಬ್ಬರನ್ನು, “ನೀರು ಇದೆಯೇನಮ್ಮಾ?” ಎಂದು ಕೇಳಿದೆ. “ಏನೋ ಒಂದ್ ಸ್ವಲ್ಪ ಐತಪ್ಪ, ಅಷ್ಟೇಯ” ಎಂದರು. ಮೇಲೆ ಬಂದದ್ದು ಅರ್ಧ ಬಿಂದಿಗೆ ಕೆಸರು ನೀರು. ಪಕ್ಕದಲ್ಲಿ ಕಟ್ಟಿದ್ದ ಎಮ್ಮೆಯನ್ನು ತೋರಿಸಿ, “ನೋಡು, ಹೆಂಗೆ ಬಡವಾಗೈತೆ” ಎಂದರು. ಕೂಲಿಯ ಮಾತು ಬಂದಾಗ, “ಅದೇನ್ ಕೂಲಿ ಬಿಡಪ್ಪ, ಉಪ್ಪಿಗೂ ಸಾಲಾಕಿಲ್ಲ” ಎಂದರು.

ಚಿತ್ರಕ್ಕೆ ಇಂಗ್ಲಿಷ್ ಉಪಶೀರ್ಷಿಕೆಗಳು, ಅಂದರೆ ಪರದೆಯ ಕೆಳಗೆ ಬರುವ ಸಾಲುಗಳು ಬೇಕಾದವು. ನಾನೇ ಬರೆದೆ. ಎಮ್ಮೆಗೆ ‘ಸ್ಲಿಮ್’ ಎಂದೆ. ಕೂಲಿಗೆ ‘ಸ್ಮಾಲ್ ವೇಜಸ್’ ಎಂದೆ. ಬಾವಿಗೆ ‘ದೇರ್ ಈಸ್ ಎ ಲಿಟಲ್ ವಾಟರ್’ ಎಂದೆ. ಪರಿಶೀಲನೆಗೆಂದು ಬಂದ ನಿವೃತ್ತ ಇಂಗ್ಲಿಷ್ ಅಧ್ಯಾಪಕರೊಬ್ಬರು ಮೊದಲನೆಯದನ್ನು ಓದಿ ಜೋರಾಗಿ ನಕ್ಕರು. “ಏನಪ್ಪಾ, ನಿಮ್ಮ ಎಮ್ಮೆ ವ್ಯಾಯಾಮ ಮಾಡಿ ಮೈ ಇಳಿಸಿಕೊಂಡಿದೆಯೋ?” ಎಂದು ಕೇಳಿದರು. ಅದನ್ನು ತಿದ್ದಿದರು, ಎರಡನೆಯದನ್ನೂ ತಿದ್ದಿದರು. ಮೂರನೆಯ ಸಾಲಿನಲ್ಲಿ ವ್ಯಾಕರಣದ ತಪ್ಪೇನೂ ಇರಲಿಲ್ಲವಾದ್ದರಿಂದ ಅದು ಹಾಗೆಯೇ ಪ್ರಸಾರವಾಯಿತು.

ಎಂಟು ಹತ್ತು ದಿನಗಳಲ್ಲಿ ಅದೇ ಹಳ್ಳಿಯ ಕಾಲೇಜು ಹುಡುಗನೊಬ್ಬನಿಂದ ಒಂದು ಅಂಚೆ ಕಾರ್ಡು ಬಂತು. ಅದರಲ್ಲಿ ಇದ್ದದ್ದು ಎರಡೇ ಸಾಲು: “ನಮ್ಮ ಬಾವಿಯಲ್ಲಿ ನೀರಿಲ್ಲ ಸಾರ್. ನಿಮ್ಮ ಇಂಗ್ಲಿಷಿನಲ್ಲಿ ಮಾತ್ರ ಇದೆ.”

ಈ ಮೂರು ತಪ್ಪುಗಳೇ ನಮ್ಮ ಇಂದಿನ ಪಾಠ. ಒಂದೊಂದಾಗಿ ನೋಡೋಣ.

ಮೈ ತೆಳುವಾದರೆ

ಮೊದಲು ‘ಥಿನ್’. ಈ ಗುಂಪಿನಲ್ಲಿ ಎಲ್ಲ ಕಡೆಗೂ ಒದಗುವ ಪದ ಇದೇ. ಮನುಷ್ಯ, ಕಾಗದ, ತಂತಿ, ಕೂದಲು, ಗಂಜಿ, ಗಾಳಿ – ಯಾವುದಕ್ಕೂ ಹೇಳಬಹುದು. ಪ್ರಯೋಗಾಲಯದಲ್ಲಿ ಸ್ಕ್ರೂ ಗೇಜ್ ಹಿಡಿದು ತಂತಿಯ ದಪ್ಪವನ್ನು 0.01 ಮಿಲಿಮೀಟರ್‌ವರೆಗೆ ಅಳೆಯುತ್ತೀರಲ್ಲ, ಆ ತಂತಿ ‘ಥಿನ್’. ಎವರೆಸ್ಟ್ ಶಿಖರದ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಆ ಗಾಳಿಯೂ ‘ಥಿನ್’. 1837ರಿಂದ 1839ರವರೆಗೆ ಕಂತುಗಳಲ್ಲಿ ಪ್ರಕಟವಾದ ಚಾರ್ಲ್ಸ್ ಡಿಕನ್ಸ್‌ನ ‘ಆಲಿವರ್ ಟ್ವಿಸ್ಟ್’ ಕಾದಂಬರಿಯಲ್ಲಿ ಅನಾಥ ಮಕ್ಕಳಿಗೆ ಬಡಿಸುವ ನೀರು ನೀರಾದ ಗಂಜಿಯೂ ‘ಥಿನ್’. ಪದ ತನ್ನಷ್ಟಕ್ಕೆ ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ.

ಈ ಪದ ನಮಗೆ ದೂರದ ನೆಂಟ ಕೂಡ. ಸಂಸ್ಕೃತದ ‘ತನು’ ಶಬ್ದಕ್ಕೆ ದೇಹ ಎಂಬ ಅರ್ಥ ನಿಮಗೆ ಗೊತ್ತು. ‘ತೆಳ್ಳಗಿನ’ ಎಂಬ ಅರ್ಥವೂ ಅದಕ್ಕಿದೆ. ತೆಳ್ಳಗಿನ ಹೆಣ್ಣನ್ನು ಕಾವ್ಯಗಳಲ್ಲಿ ‘ತನ್ವಿ’ ಎಂದು ಕರೆಯುವುದು ಅದರಿಂದಲೇ. ಸಂಸ್ಕೃತದ ‘ತನು’, ಲ್ಯಾಟಿನ್ನಿನ ‘ಟೆನುಯಿಸ್’, ಇಂಗ್ಲಿಷಿನ ‘ಥಿನ್’ – ಮೂರೂ ‘ಎಳೆ, ಹಿಗ್ಗಿಸು’ ಎಂಬ ಅರ್ಥದ ಒಂದೇ ಮೂಲದಿಂದ ಬಂದವು. ಎಳೆದಷ್ಟೂ ವಸ್ತು ತೆಳ್ಳಗಾಗುತ್ತದೆ, ಅಲ್ಲವೇ? ನಾವು ದಿನವೂ ಹೇಳುವ ‘ತಂತಿ’, ‘ತಂತು’ಗಳೂ, ನೀವು ಭೌತಶಾಸ್ತ್ರದಲ್ಲಿ ಓದುವ ‘ಟೆನ್ಷನ್’ ಕೂಡ ಆ ಮನೆತನದವೇ. ನಮ್ಮ ‘ತೆಳು’ ಮಾತ್ರ ಬೇರೆ. ಅದು ದ್ರಾವಿಡ ಪದ.

ಮುಂದೆ ‘ಸ್ಲಿಮ್’ ಮತ್ತು ‘ಸ್ಲೆಂಡರ್’. ಇವು ಮೆಚ್ಚುಗೆಯ ಮಾತುಗಳು. ದಕ್ಷಿಣ ಕನ್ನಡದವರು ‘ಸಪೂರ’ ಎನ್ನುವಾಗ ಇರುವ ಒಪ್ಪ ಇವುಗಳಲ್ಲಿದೆ. ನಮ್ಮ ಕಾಡುಗಳಲ್ಲಿ, ತುಮಕೂರಿನ ಸುತ್ತಮುತ್ತಲ ಕುರುಚಲಿನಲ್ಲಿ ಕೂಡ, ದೊಡ್ಡ ಕಣ್ಣಿನ ಕಾಡುಪಾಪ ಇದೆಯಲ್ಲ, ಅದರ ಇಂಗ್ಲಿಷ್ ಹೆಸರು ‘ಸ್ಲೆಂಡರ್ ಲೋರಿಸ್’. ಕಡ್ಡಿಯಂಥ ಕೈಕಾಲು ಅದರ ರೋಗವಲ್ಲ, ಸಹಜ ರೂಪ. ಆದ್ದರಿಂದ ‘ಸ್ಲೆಂಡರ್’ ಸರಿಯಾಗಿಯೇ ಕೂತಿದೆ.

‘ಸ್ಲಿಮ್’ ಪದದ ಕಥೆ ಸ್ವಾರಸ್ಯವಾಗಿದೆ. ಅದು ಹದಿನೇಳನೆಯ ಶತಮಾನದಲ್ಲಿ ಡಚ್ ಭಾಷೆಯಿಂದ ಇಂಗ್ಲಿಷಿಗೆ ಬಂತು. ಅಲ್ಲಿ ಅದಕ್ಕೆ ಕೆಟ್ಟ, ಕುಯುಕ್ತಿಯ ಎಂಬ ಅರ್ಥವಿತ್ತು. ಇಂದಿಗೂ ಡಚ್ಚರಲ್ಲಿ ‘ಸ್ಲಿಮ್’ ಎಂದರೆ ಜಾಣ. ಜರ್ಮನ್ನರಲ್ಲಿ ಅದರ ಸೋದರ ಪದ ‘ಶ್ಲಿಮ್’ ಎಂದರೆ ಕೆಟ್ಟದ್ದು. ಇಂಗ್ಲಿಷಿಗೆ ಬಂದು ಅದು ಅಂದದ ಪದವಾಯಿತು. ಆದರೆ ಪದ ಎಲ್ಲೆಡೆಯೂ ಅಂದವಾಗಿಯೇ ಉಳಿಯಲಿಲ್ಲ. 1980ರ ದಶಕದಲ್ಲಿ ಉಗಾಂಡ ದೇಶದ ಹಳ್ಳಿಗಳಲ್ಲಿ ಜನ ಕಾರಣ ತಿಳಿಯದೆ ಸೊರಗಿ ಸೊರಗಿ ಸಾಯತೊಡಗಿದಾಗ ಅಲ್ಲಿಯವರು ಆ ರೋಗಕ್ಕೆ ‘ಸ್ಲಿಮ್’ ಎಂದೇ ಹೆಸರಿಟ್ಟರು. 1985ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ‘ಸ್ಲಿಮ್ ಡಿಸೀಸ್’ ಎಂಬ ಹೆಸರಿನಲ್ಲೇ ಅದರ ವರದಿ ಬಂತು. ಅದು ಏಡ್ಸ್. ಒಂದು ಊರಿನಲ್ಲಿ ಹೊಗಳಿಕೆಯಾದ ಮಾತು ಇನ್ನೊಂದು ಊರಿನಲ್ಲಿ ಭಯದ ಮಾತಾಯಿತು.

ಈಗ ಇನ್ನೊಂದು ಕಡೆಯ ಪದಗಳು. ‘ಸ್ಕಿನ್ನಿ’ ಎಂದರೆ ಚರ್ಮವಷ್ಟೇ ಉಳಿದಂತೆ ಕಾಣುವ, ಬಡಕಲು. ‘ಸ್ಕ್ರಾನಿ’ ಇನ್ನೂ ಒರಟು. ನಮ್ಮ ‘ನರಪೇತಲ’ಕ್ಕೆ ಹತ್ತಿರ. ‘ಲ್ಯಾಂಕಿ’ ಎಂದರೆ ಎತ್ತರಕ್ಕೆ ಬೆಳೆದು ಮೈ ತುಂಬದವನು. ಹತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವ ಎಷ್ಟೋ ಹುಡುಗರು ಹೀಗಿರುತ್ತಾರೆ. ‘ಗಾಂಟ್’ ಎಂದರೆ ಹಸಿವಿನಿಂದಲೋ ಚಿಂತೆಯಿಂದಲೋ ಕೆನ್ನೆ ಬತ್ತಿ, ಕಣ್ಣು ಗುಳಿಬಿದ್ದ ರೂಪ. ‘ಇಮೇಸಿಯೇಟೆಡ್’ ಎಂದರೆ ರೋಗ ಅಥವಾ ಉಪವಾಸದಿಂದ ಮೂಳೆ ಚಕ್ಕಳವಾದ ಸ್ಥಿತಿ. ನನ್ನ ಚಿತ್ರದ ಎಮ್ಮೆಗೆ ಅಧ್ಯಾಪಕರು ಬರೆದುಕೊಟ್ಟ ಪದ ಇದೇ.

‘ಲೀನ್’ ಇವೆರಡರ ನಡುವಿನದು. ಕೊಬ್ಬಿಲ್ಲದ ಮಾಂಸ, ಗಟ್ಟಿಮೈಯ ಓಟಗಾರ – ಇವು ‘ಲೀನ್’. ಆದರೆ ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಸೀಸರನು ಕೇಸಿಯಸ್‌ನನ್ನು ಕಂಡು ಅನುಮಾನಪಡುವುದು ಅವನು ‘ಲೀನ್’ ಆಗಿರುವುದರಿಂದಲೇ. ಬೈಬಲ್ಲಿನ ಜೋಸೆಫನ ಕಥೆಯಲ್ಲಿ ಈಜಿಪ್ಟಿನ ದೊರೆಯ ಕನಸಿಗೆ ಏಳು ಬಡಕಲು ಹಸುಗಳು ಬಂದು ಏಳು ಕೊಬ್ಬಿದ ಹಸುಗಳನ್ನು ತಿನ್ನುತ್ತವೆ. ಏಳು ವರ್ಷದ ಬರಗಾಲದ ಸೂಚನೆ ಅದು. ಬೆಳೆಯಿಲ್ಲದ, ವ್ಯಾಪಾರವಿಲ್ಲದ ಕಾಲಕ್ಕೆ ಇಂದಿಗೂ ‘ಲೀನ್ ಇಯರ್ಸ್’ ಎನ್ನುತ್ತಾರೆ. ಕಾರ್ಖಾನೆಗಳಿಗೆ ಬಂದರೆ ಅದೇ ಪದ ಮತ್ತೆ ಹೊಗಳಿಕೆ. ಟೊಯೋಟ ಕಂಪನಿಯ ಕ್ರಮದಲ್ಲಿ, ವ್ಯರ್ಥವಿಲ್ಲದೆ ಉತ್ಪಾದಿಸುವ ವಿಧಾನಕ್ಕೆ ‘ಲೀನ್’ ಎಂಬ ಹೆಸರು 1988ರಲ್ಲಿ ಬಂತು.

ಮಿತ್ರರೇ, ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ನಿಮ್ಮ ತರಗತಿಯಲ್ಲಿ ನಲವತ್ತು ಕಿಲೋ ತೂಗುವ ಗೆಳತಿಯೊಬ್ಬಳಿದ್ದಾಳೆ ಎನ್ನಿ. ತಕ್ಕಡಿಗೆ ಅವಳು ನಲವತ್ತು ಕಿಲೋ ಅಷ್ಟೇ. ಆದರೆ ಒಬ್ಬರು ಅವಳನ್ನು ‘ಸ್ಲಿಮ್’ ಎನ್ನುತ್ತಾರೆ, ಇನ್ನೊಬ್ಬರು ‘ಸ್ಕಿನ್ನಿ’ ಎನ್ನುತ್ತಾರೆ. ತೂಕ ಬದಲಾಗಲಿಲ್ಲ, ಬದಲಾದದ್ದು ನೋಡುವವರ ಮನಸ್ಸು. ಕಡ್ಡಿ ಪೈಲ್ವಾನ್ ಎಂದು ಕರೆಸಿಕೊಂಡ ಹುಡುಗ ನಕ್ಕು ಸುಮ್ಮನಾಗಬಹುದು, ಆದರೆ ಆ ರಾತ್ರಿ ಕನ್ನಡಿಯ ಮುಂದೆ ನಿಂತಾಗ ನಗುವುದಿಲ್ಲ. ಇಂಗ್ಲಿಷಿನಲ್ಲಿ ಹೇಳಿದರೆ ಮಾತು ಹಗುರವಾಗುತ್ತದೆ ಎಂದು ಭಾವಿಸಬೇಡಿ.

ವಿಜ್ಞಾನ ಇಂಥ ಕಡೆ ಪದವನ್ನು ನಂಬದೆ ಅಳತೆಯನ್ನು ನಂಬುತ್ತದೆ. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಕ್ಕಳ ತೋಳಿನ ಸುತ್ತಳತೆಯನ್ನು ಬಣ್ಣದ ಪಟ್ಟಿಯಿಂದ ಅಳೆಯುವುದನ್ನು ಅಂಗನವಾಡಿಯಲ್ಲಿ ನೀವು ನೋಡಿರಬಹುದು. ತೋಳು 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಅಲ್ಲಿ ಮಗು ‘ಸ್ಲಿಮ್’ ಎಂದು ಸಮಾಧಾನಪಡುವ ಹಾಗಿಲ್ಲ. ಕೂಡಲೇ ಚಿಕಿತ್ಸೆ ಕೊಡಿಸಬೇಕು.

ಮೈಯಿಂದ ಕೂಲಿಗೆ

ಇನ್ನು ಎರಡನೆಯ ತಪ್ಪು. ಕೂಲಿಗೆ ನಾನು ‘ಸ್ಮಾಲ್’ ಎಂದು ಬರೆದಿದ್ದೆ. ಅಧ್ಯಾಪಕರು ಅದನ್ನು ಹೊಡೆದು ‘ಮೀಗರ್’ ಎಂದು ಬರೆದರು. ವ್ಯತ್ಯಾಸವೇನು?

‘ಸ್ಮಾಲ್’ ಎಂದರೆ ಅಳತೆಯಲ್ಲಿ ಚಿಕ್ಕದು. ‘ಮೀಗರ್’ ಎಂದರೆ ಬೇಕಾದುದಕ್ಕೆ ಸಾಲದ್ದು. ಒಂದು ಉದಾಹರಣೆ ಕೊಡುತ್ತೇನೆ. ವಯಸ್ಕರೊಬ್ಬರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ, ಎಂದರೆ ಒಂದು ಗ್ರಾಮಿನ ಹತ್ತು ಸಾವಿರ ಪಾಲಿನಲ್ಲಿ ಒಂದೂವರೆ ಪಾಲು. ಇಡೀ ವರ್ಷಕ್ಕೆ ಲೆಕ್ಕ ಹಾಕಿದರೂ ಸುಮಾರು 55 ಮಿಲಿಗ್ರಾಂ. ಧಾನ್ಯದ ಕಾಳಿನ ಹೆಸರಿನಲ್ಲಿ ಇಂಗ್ಲಿಷರು ಬಳಸುತ್ತಿದ್ದ ‘ಗ್ರೇನ್’ ಎಂಬ ಹಳೆಯ ತೂಕವಿದೆ; ಅದು ಸುಮಾರು 65 ಮಿಲಿಗ್ರಾಂ. ಅಂದರೆ ವರ್ಷದ ಅಯೋಡಿನ್ ಒಂದು ‘ಗ್ರೇನ್’ ಕೂಡ ತೂಗುವುದಿಲ್ಲ. ಪ್ರಮಾಣ ಅತ್ಯಲ್ಪ. ಆದರೆ ಅದು ‘ಮೀಗರ್’ ಅಲ್ಲ, ಏಕೆಂದರೆ ಸಾಕಾಗುತ್ತದೆ. ಅದೇ ದಿನವಿಡೀ ಬಿಸಿಲಿನಲ್ಲಿ ದುಡಿದವರಿಗೆ ಉಪ್ಪು ಮೆಣಸಿನಕಾಯಿಗೂ ಸಾಲದ ಕೂಲಿ ಕೊಟ್ಟರೆ, ಆ ಹಣ ಎಣಿಸಲು ಹತ್ತು ನೋಟುಗಳಿದ್ದರೂ ‘ಮೀಗರ್’. ಪಕ್ಕದಲ್ಲಿ ಅಗತ್ಯವನ್ನು ಇಟ್ಟು ನೋಡಿದಾಗ ಮಾತ್ರ ಈ ಪದ ಹುಟ್ಟುತ್ತದೆ.

ಈ ಪದದ ಮೂಲ ನೋಡಿ. ‘ಮೀಗರ್’ ಫ್ರೆಂಚಿನ ಮೂಲಕ ಬಂದದ್ದು. ಹಿಂದಕ್ಕೆ ಹೋದರೆ ಲ್ಯಾಟಿನ್ನಿನ ‘ಮೇಕರ್’ ಸಿಗುತ್ತದೆ. ಅದರ ಅರ್ಥ ಬಡಕಲು. ‘ಇಮೇಸಿಯೇಟೆಡ್’ ಪದವೂ ಅದೇ ಬೇರಿನದು. ಮೊದಲು ಸೊರಗಿದ ಮೈಗೆ ಹೇಳುತ್ತಿದ್ದ ಮಾತು ಆಮೇಲೆ ಸೊರಗಿದ ಊಟಕ್ಕೆ, ಸೊರಗಿದ ಸಂಬಳಕ್ಕೆ ಬಂತು.

ಕನ್ನಡದಲ್ಲೂ ಹೀಗೆಯೇ ಅಲ್ಲವೇ? ‘ಬಡ’ ಎಂದರೆ ಕೃಶವಾದ ಎಂಬುದೂ ಹೌದು, ದುಡ್ಡಿಲ್ಲದ ಎಂಬುದೂ ಹೌದು. ‘ಬಡಕಲು’, ‘ಬಡವ’ ಎರಡೂ ಒಂದೇ ಮಾತಿನ ಮಕ್ಕಳು. ಆ ತಾಯಿ “ಎಮ್ಮೆ ಬಡವಾಗೈತೆ” ಎಂದಾಗ ಎರಡು ಅರ್ಥವೂ ಅದರಲ್ಲಿ ಸೇರಿತ್ತು. ರೋಮಿನ ರೈತನೂ ನಮ್ಮ ಬಯಲುಸೀಮೆಯ ರೈತನೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಕೊರತೆಯನ್ನು ಇಬ್ಬರೂ ಮೊದಲು ಗುರುತಿಸಿದ್ದು ಬತ್ತಿದ ಮೈಯಲ್ಲೇ. ಇಲ್ಲೊಂದು ಎಚ್ಚರಿಕೆ: “ಅಜ್ಜಿ ಬಡವಾಗಿದ್ದಾರೆ” ಎಂಬುದನ್ನು ‘ಪೂರ್’ ಎಂದು ಅನುವಾದಿಸಿದರೆ ಅಜ್ಜಿ ಆಸ್ತಿ ಕಳೆದುಕೊಂಡಂತಾಗುತ್ತದೆ!

ಕೊರತೆಯ ಇನ್ನು ಕೆಲವು ಪದಗಳನ್ನು ಬೇಗನೆ ನೋಡಿಬಿಡೋಣ. ‘ಸ್ಕೇರ್ಸ್’ ಎಂದರೆ ಬೇಕೆಂದಾಗ ಸಿಗದ್ದು, ಅಭಾವವಿರುವುದು. ಬರಗಾಲದಲ್ಲಿ ಮೇವು ‘ಸ್ಕೇರ್ಸ್’. ಆದರೆ ಅಪರೂಪದ ನಾಣ್ಯ ‘ರೇರ್’. ‘ಸ್ಪಾರ್ಸ್’ ಎಂದರೆ ಅಲ್ಲೊಂದು ಇಲ್ಲೊಂದು ಚದುರಿರುವುದು. ‘ಚೆಲ್ಲು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ಮರುಭೂಮಿಯ ಗಿಡಗಳು, ಕಾಡಂಚಿನ ಮನೆಗಳು, ತಾತನ ತಲೆಗೂದಲು ‘ಸ್ಪಾರ್ಸ್’. ‘ಸ್ಕ್ಯಾಂಟಿ’ ಎಂದರೆ ಅಳತೆಗೆ ಮೋಟಾದದ್ದು. ಮಳೆಗೂ ಹೇಳಬಹುದು, ಬಟ್ಟೆಗೂ ಹೇಳಬಹುದು. ‘ಪಿಟೆನ್ಸ್’ ಎಂದರೆ ಪುಡಿಗಾಸು. ಹಿಂದೆ ಯೂರೋಪಿನ ಕ್ರೈಸ್ತ ಮಠಗಳಲ್ಲಿ ದಾನಿಗಳ ಕೊಡುಗೆಯಿಂದ ಸಂನ್ಯಾಸಿಗಳಿಗೆ ಸಿಗುತ್ತಿದ್ದ ಹೆಚ್ಚುವರಿ ಆಹಾರದ ಹೆಸರು ಅದು. ದಯೆ ಎಂಬ ಅರ್ಥದ ‘ಪಿಟಿ’ಗೂ ಅದಕ್ಕೂ ನಂಟು. ದುಡಿದವನಿಗೆ ‘ಪಿಟೆನ್ಸ್’ ಕೊಟ್ಟರು ಎಂದರೆ, ಕೂಲಿಯನ್ನು ಭಿಕ್ಷೆಯಂತೆ ಕೊಟ್ಟರು ಎಂಬ ಚುಚ್ಚು ಅದರಲ್ಲಿದೆ.

ಮೈಯ ಪದಗಳು ಕಣ್ಣಿಗೆ ಕಾಣದ ಸಂಗತಿಗಳಿಗೂ ಹೋಗುತ್ತವೆ. ಆಸೆ ಕಡಿಮೆಯಿದ್ದರೆ ‘ಸ್ಲಿಮ್ ಚಾನ್ಸ್’. ಸಾಕ್ಷ್ಯ ದುರ್ಬಲವಾದರೆ ‘ಥಿನ್ ಎವಿಡೆನ್ಸ್’. ಗೆಲುವಿನ ಅಂತರ ಕಡಿಮೆಯಾದರೆ ‘ಸ್ಲೆಂಡರ್ ಮಾರ್ಜಿನ್’. ಇದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ವಿರುದ್ಧ ಗೆದ್ದದ್ದು ಒಂದೇ ಒಂದು ಮತದಿಂದ. ನಾವು ಇದನ್ನು ‘ಕೂದಲೆಳೆಯ ಅಂತರ’ ಎನ್ನುತ್ತೇವೆ. ಗಮನಿಸಿ, ಇಂಥ ಕಡೆ ‘ಸ್ಕಿನ್ನಿ’ ಎಂದಾಗಲಿ ‘ಇಮೇಸಿಯೇಟೆಡ್’ ಎಂದಾಗಲಿ ಹೇಳುವುದಿಲ್ಲ. ಯಾವ ಪದ ಯಾವುದರ ಜೊತೆ ಕೂಡುತ್ತದೆ ಎಂಬುದನ್ನು ಓದಿ ಓದಿಯೇ ಕಲಿಯಬೇಕು.

ತೀರ ಸಣ್ಣದಕ್ಕೆ ನಾವು ಎಳ್ಳಷ್ಟು, ಸಾಸಿವೆಯಷ್ಟು, ಗುಲಗಂಜಿಯಷ್ಟು ಎನ್ನುತ್ತೇವೆ. ಇಂಗ್ಲಿಷಿನಲ್ಲಿ ‘ಅಯೋಟಾ’ ಎಂಬ ಪದವಿದೆ. ಅದು ಗ್ರೀಕ್ ಲಿಪಿಯ ಅತಿ ಚಿಕ್ಕ ಅಕ್ಷರದ ಹೆಸರು. ‘ಜಾಟ್’ ಎಂಬುದು ಅದರದೇ ಮೊಟಕು ರೂಪ. ನಾವು “ಅನುಮಾನ ಎಳ್ಳಷ್ಟೂ ಇಲ್ಲ” ಎನ್ನುವಂತೆ ಅವರೂ ‘ಅಯೋಟಾ’ವನ್ನು ಹೆಚ್ಚಾಗಿ ‘ನಾಟ್’ ಜೊತೆಗೇ ಬಳಸುತ್ತಾರೆ. ಆದರೆ ‘ಎ ಗ್ರೇನ್ ಆಫ್ ಟ್ರೂತ್’ ಎಂದರೆ ಕಾಳಷ್ಟಾದರೂ ಸತ್ಯ ಇದೆ ಎಂದು ಅರ್ಥ. ಒಂದು ಇಲ್ಲದ್ದನ್ನು ಹೇಳಲು, ಇನ್ನೊಂದು ಇರುವುದನ್ನು ಹೇಳಲು.

ಒಂದು ಅಕ್ಷರದ ಬೆಲೆ

ಇಲ್ಲದ್ದು ಮತ್ತು ಇರುವುದು – ಈಗ ನನ್ನ ಮೂರನೆಯ ತಪ್ಪಿಗೆ ಬಂದೆವು.

‘ದೇರ್ ಈಸ್ ಎ ಲಿಟಲ್ ವಾಟರ್’ ಎಂದರೆ ಸ್ವಲ್ಪ ನೀರಿದೆ, ಚಿಂತೆಯಿಲ್ಲ. ‘ದೇರ್ ಈಸ್ ಲಿಟಲ್ ವಾಟರ್’ ಎಂದರೆ ನೀರು ಇಲ್ಲವೆಂದೇ ಹೇಳಬೇಕು. ಬಾವಿ ಅದೇ, ನೀರು ಅಷ್ಟೇ. ‘ಎ’ ಎಂಬ ಒಂದಕ್ಷರ ಇದ್ದರೆ ಮಾತು ಇರುವುದರ ಕಡೆ ತಿರುಗುತ್ತದೆ. ಬಿಟ್ಟರೆ ಇಲ್ಲದ್ದರ ಕಡೆ ತಿರುಗುತ್ತದೆ. ಎಣಿಸಬಹುದಾದ ವಸ್ತುಗಳಿಗೆ ‘ಫ್ಯೂ’ ಮತ್ತು ‘ಎ ಫ್ಯೂ’ ಇದೇ ಕೆಲಸ ಮಾಡುತ್ತವೆ. ‘ಐ ಹ್ಯಾವ್ ಎ ಫ್ಯೂ ಫ್ರೆಂಡ್ಸ್’ ಎನ್ನುವವನಿಗೆ ನಾಲ್ಕು ಜನ ಸ್ನೇಹಿತರಿದ್ದಾರೆ. ‘ಐ ಹ್ಯಾವ್ ಫ್ಯೂ ಫ್ರೆಂಡ್ಸ್’ ಎನ್ನುವವನು ತನ್ನ ಒಂಟಿತನ ಹೇಳಿಕೊಳ್ಳುತ್ತಿದ್ದಾನೆ. ಅವನನ್ನು ಸ್ವಲ್ಪ ಮಾತನಾಡಿಸಿ.

ಇಲ್ಲಿ ಎರಡು ಬಲೆಗಳಿವೆ. ‘ಓನ್ಲಿ ಎ ಫ್ಯೂ’ ಎಂದರೆ, ‘ಎ’ ಇದ್ದರೂ, ಕೆಲವೇ ಕೆಲವು. ‘ಕ್ವೈಟ್ ಎ ಫ್ಯೂ’ ಎಂದರೆ ಬಹಳಷ್ಟು! ಪರೀಕ್ಷೆಯಲ್ಲಿ ಎಷ್ಟೋ ಜನ ಇಲ್ಲಿ ಎಡವುತ್ತಾರೆ. ಇದೇ ರೀತಿ ‘ಹಾರ್ಡ್’ ಮತ್ತು ‘ಹಾರ್ಡ್ಲಿ’. ‘ಐ ಸ್ಟಡೀಡ್ ಹಾರ್ಡ್’ ಎಂದರೆ ಕಷ್ಟಪಟ್ಟು ಓದಿದೆ. ‘ಐ ಹಾರ್ಡ್ಲಿ ಸ್ಟಡೀಡ್’ ಎಂದರೆ ಓದಲೇ ಇಲ್ಲ ಎನ್ನಬಹುದು. ಸಂದರ್ಶನದಲ್ಲಿ ಅದಲುಬದಲಾದರೆ ಕೆಲಸ ಹೋಯಿತೆಂದೇ ತಿಳಿಯಿರಿ.

ಕನ್ನಡದಲ್ಲಿ ಇಂಥ ‘ಎ’ ಇಲ್ಲ. ಹಾಗಾದರೆ ಈ ಭೇದವನ್ನು ನಾವು ಹೇಗೆ ತೋರಿಸುತ್ತೇವೆ? “ಕೆಲವು ದಿನ ಇದೆ”, “ಕೆಲವೇ ದಿನ ಇದೆ” – ಒಂದು ‘ಏ’ಕಾರ ಸೇರಿಸುತ್ತೇವೆ. ಇಲ್ಲವೇ ಕೊನೆಗೊಂದು ‘ಅಷ್ಟೇ’ ಹಾಕುತ್ತೇವೆ. ಆ ತಾಯಿ ಹೇಳಿದ್ದು ನೆನಪಿದೆಯೇ? “ಒಂದ್ ಸ್ವಲ್ಪ ಐತಪ್ಪ, ಅಷ್ಟೇಯ.” ನಾನು ‘ಸ್ವಲ್ಪ’ವನ್ನು ಅನುವಾದಿಸಿ ‘ಅಷ್ಟೇಯ’ವನ್ನು ಕೈಬಿಟ್ಟಿದ್ದೆ. ಅವರ ಕಷ್ಟವೆಲ್ಲ ಆ ಕೊನೆಯ ಮಾತಿನಲ್ಲಿತ್ತು. ತಪ್ಪಾದದ್ದು ನನ್ನ ಇಂಗ್ಲಿಷಿನಲ್ಲಿ ಮಾತ್ರವಲ್ಲ. ಅವರ ಕನ್ನಡವನ್ನು ನಾನು ಕೊನೆಯವರೆಗೂ ಕೇಳಿಸಿಕೊಂಡಿರಲಿಲ್ಲ.

ಚಿತ್ರದ ಮರುಪ್ರಸಾರಕ್ಕೆ ಮುಂಚೆ ಆ ಸಾಲನ್ನು ಬದಲಾಯಿಸಿದೆವು. ‘ಲಿಟಲ್ ವಾಟರ್’ ಎಂಬುದು ಬರಹಕ್ಕೆ ಸರಿ, ಆದರೆ ಮಾತಿಗೆ ಸ್ವಲ್ಪ ಬಿಗಿ. ಹಳ್ಳಿಯ ತಾಯಿಯ ಮಾತಿಗೆ ‘ದೇರ್ ಈಸ್ ಹಾರ್ಡ್ಲಿ ಎನಿ ವಾಟರ್ ಲೆಫ್ಟ್’ ಎಂಬುದು ಹೆಚ್ಚು ಸಹಜ. ಹಾಗೆಯೇ ಬರೆದೆವು. ಕಾರ್ಡು ಬರೆದ ಹುಡುಗನಿಗೆ ಉತ್ತರ ಬರೆದು, ತಪ್ಪು ಒಪ್ಪಿಕೊಂಡು, ಹೊಸ ಸಾಲನ್ನೂ ತಿಳಿಸಿದೆ.

ಮುಗಿಸುವ ಮುನ್ನ ನಿಮಗೊಂದು ಅಭ್ಯಾಸ. ಈ ನಾಲ್ಕು ವಾಕ್ಯಗಳನ್ನು ಇಂಗ್ಲಿಷಿಗೆ ತನ್ನಿ: “ಪರೀಕ್ಷೆಗೆ ಇನ್ನೂ ಕೆಲವು ದಿನಗಳಿವೆ.” “ಪರೀಕ್ಷೆಗೆ ಇನ್ನು ಕೆಲವೇ ದಿನಗಳಿವೆ.” “ಜ್ವರ ಬಂದು ಹೋದ ಮೇಲೆ ಅಣ್ಣ ಬಡವಾಗಿದ್ದಾನೆ.” “ಈ ವರ್ಷ ಮಳೆ ಸಾಲದು.” ಬರೆದ ಮೇಲೆ ಪ್ರತಿ ಪದದ ಬಳಿಯೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಹೊಗಳಿಕೆಯೋ, ಮರುಕವೋ, ಬರೀ ಅಳತೆಯೋ? ಇದು ಇರುವುದನ್ನು ಹೇಳುತ್ತಿದೆಯೋ, ಇಲ್ಲದ್ದನ್ನು ಹೇಳುತ್ತಿದೆಯೋ? ಈ ಎರಡಕ್ಕೆ ಉತ್ತರ ಸಿಕ್ಕರೆ ಸರಿಯಾದ ಪದವೂ ಸಿಗುತ್ತದೆ.

ಮುಂದೆ ನಿಮ್ಮಲ್ಲಿ ಕೆಲವರು ವರದಿ ಬರೆಯುವವರಾಗಬಹುದು, ವೈದ್ಯರಾಗಬಹುದು, ಅಧಿಕಾರಿಗಳಾಗಬಹುದು. ಆಗ ಯಾವುದೋ ಊರಿನ ಬಾವಿಯ ಬಗ್ಗೆ, ಯಾವುದೋ ಮಗುವಿನ ಬಗ್ಗೆ ಒಂದು ಸಾಲು ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ. ಆ ಸಾಲನ್ನು ನಂಬಿ ನೀರಿನ ಟ್ಯಾಂಕರು ಬರಬಹುದು, ಬಾರದೆಯೂ ಇರಬಹುದು. ಬರೆಯುವ ಮೊದಲು ಒಮ್ಮೆ ಬಾವಿಗೆ ಬಗ್ಗಿ ನೋಡಿ.